ಅಂಧೇರಿಯಲ್ಲಿ ರಗ್ಬಿ ನೋಡಿದ್ದು: ನನ್ನ ಅನುಭವ

2025ರ ಜೂನ್‌ನಲ್ಲಿ ಅಂಧೇರಿಯ ಶಹಾಜಿ ರಾಜೆ ಕ್ರೀಡಾ ಸಂಕುಲದಲ್ಲಿ ರಗ್ಬಿ ಪ್ರೀಮಿಯರ್ ಲೀಗ್‌ನ ಮೊದಲ ಸೀಸನ್ ನಡೆಯಿತು. ಆರು ತಂಡಗಳು, ಅದರಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ. ನಾನಿರುವುದು ಗೋರೆಗಾಂವ್‌ನಲ್ಲಿ. ಲೋಕಲ್ ಹತ್ತಿದರೆ ಮೂರನೇ ಸ್ಟೇಷನ್ ಅಂಧೇರಿ. ಭಾರತ ತಂಡಕ್ಕೆ ಆಡುವ ಹುಡುಗರು ಆರೂ ತಂಡಗಳಲ್ಲಿ ಹಂಚಿಹೋಗಿದ್ದರು. ಫಿಜಿ, ನ್ಯೂಜಿಲೆಂಡ್‌ನ ಆಟಗಾರರ ಜೊತೆ ಇವರು ಹೇಗೆ ಆಡುತ್ತಾರೆ ಅಂತ ಕಣ್ಣಾರೆ ನೋಡಬೇಕಿತ್ತು. ಕಬಡ್ಡಿ ಆಡುವ ಅಕ್ಕನ ಮಗಳನ್ನೂ ಕರೆದುಕೊಂಡು ಹೋದೆ.

ಮೊದಲ ದಿನ ನನಗೆ ಆಟ ಅರ್ಥವಾಗಲೇ ಇಲ್ಲ. ಕ್ರಿಕೆಟ್ ನೋಡಿದ ಕಣ್ಣು, ಚೆಂಡಿನ ಹಿಂದೆಯೇ ಓಡುತ್ತಿತ್ತು. ಒಂದೊಂದು ತಂಡದಲ್ಲಿ ಏಳೇ ಜನ, ನಾಲ್ಕು ನಿಮಿಷದ ನಾಲ್ಕು ಕ್ವಾರ್ಟರ್. ಯಾರು ಯಾರಿಗೆ ಕೊಟ್ಟರು ಅನ್ನುವಷ್ಟರಲ್ಲಿ ಟ್ರೈ ಆಗಿಬಿಡುತ್ತಿತ್ತು. ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ನನಗೆ ಗೊತ್ತಿದ್ದದ್ದು ಇಷ್ಟೇ.

ದಾರಿ ತೋರಿಸಿದ್ದು ಹುಡುಗಿ. "ಮಾವ, ಕಾಲು ಹಿಡಿದು ಬೀಳಿಸೋದು ನಮ್ಮ ಕಬಡ್ಡಿ ತರಾನೇ ಅಲ್ವಾ? ಆದ್ರೆ ಬಿದ್ದೋನು ಚೆಂಡು ಯಾಕೆ ಬಿಟ್ಟುಬಿಡ್ತಾನೆ?" ನಿಯಮವೇ ಹಾಗೆ. ನೆಲಕ್ಕೆ ಬಿದ್ದ ಮೇಲೆ ಚೆಂಡು ಬಿಡಲೇಬೇಕು. ಹಾಗಾಗಿ ಓಡುವವನ ಬೆನ್ನಿಗೆ ಯಾರಾದರೂ ಇರಲೇಬೇಕು. ಕೈಯಿಂದ ಮುಂದಕ್ಕೆ ಪಾಸ್ ಕೊಡುವಂತೆಯೂ ಇಲ್ಲ. ಅಂದಮೇಲೆ ನೋಡಬೇಕಾದ್ದು ಚೆಂಡು ಇಲ್ಲದವರನ್ನು!

ಎರಡನೇ ದಿನ ಗೋಲ್ ಕಂಬದ ಹಿಂದಿನ ಮೂಲೆಯಲ್ಲಿ, ಎತ್ತರದಲ್ಲಿ ಕೂತೆವು. ಅಲ್ಲಿಂದ ಆಟಗಾರರ ಇಡೀ ಸಾಲು ಕಾಣುತ್ತದೆ. ನಾನು ಒಬ್ಬ ಭಾರತದ ಹುಡುಗನನ್ನೇ ಹಿಡಿದು ನೋಡಿದೆ. ಒಂದು ಇಡೀ ಕ್ವಾರ್ಟರ್‌ನಲ್ಲಿ ಅವನ ಕೈಗೆ ಚೆಂಡು ಬಂದದ್ದು ಒಂದೇ ಸಲ. ಆದರೆ ಅವನು ನಿಲ್ಲಲೇ ಇಲ್ಲ. ಬೀಳಿಸಿದ, ಎದ್ದ, ಮತ್ತೆ ಓಡಿ ಸಾಲಿಗೆ ಬಂದ. ತನಗಿಂತ ಒಂದು ಅಡಿ ದಪ್ಪ ಕಾಣುವವನ ತೊಡೆಗೆ ಭುಜ ಕೊಟ್ಟು ತಬ್ಬಿದಾಗ ಧಪ್ ಅಂತ ಸದ್ದು ನಮ್ಮವರೆಗೂ ಬಂತು. ಟಿವಿಯಲ್ಲಿ ಆ ಸದ್ದೂ ಸಿಗಲ್ಲ, ಚೆಂಡಿನಿಂದ ದೂರ ಅವನು ಓಡಿದ ಓಟವೂ ಕಾಣಲ್ಲ. ನನ್ನ ಗಂಟಲು ಕಟ್ಟಿತು. ಬೇರೆ ತಂಡದ ಜೆರ್ಸಿ ಹಾಕಿದ್ದ, ಆದರೂ ಅವನಿಗೇ ಜಾಸ್ತಿ ಚಪ್ಪಾಳೆ ತಟ್ಟಿದೆ. ಬೆಂಗಳೂರು ಆಡುವಾಗ ಮಾತ್ರ "ಹಿಡಿ, ಹಿಡಿ, ಬಿಡಬೇಡ" ಅಂತ ಕನ್ನಡದಲ್ಲೇ ಕೂಗಿದೆವು.

ಮಧ್ಯೆ ಅವಳು ಕೇಳಿದಳು, "ನಮ್ಮ ಹುಡುಗಿಯರ ತಂಡ ಇಲ್ವಾ?" ಇದೆ ಮಾರಾಯ್ತಿ! 2019ರಲ್ಲಿ ಮನಿಲಾದಲ್ಲಿ ನಮ್ಮ ಹೆಣ್ಣುಮಕ್ಕಳು ಸಿಂಗಪುರವನ್ನು 21-19ರಿಂದ ಸೋಲಿಸಿದರು. ಒಂದೊಂದು ತಂಡದಲ್ಲಿ ಹದಿನೈದು ಜನ ಆಡುವ ರಗ್ಬಿಯಲ್ಲಿ ಅದೇ ಅವರ ಮೊದಲ ಅಂತರರಾಷ್ಟ್ರೀಯ ಗೆಲುವು. ಕೊನೆ ಹೊತ್ತಿನಲ್ಲಿ ಪೆನಾಲ್ಟಿ ಒದ್ದು ಗೆಲ್ಲಿಸಿದವರು ಒಡಿಶಾದ ಸುಮಿತ್ರಾ ನಾಯಕ್. ಹೆಸರನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

ಹೋಗುವವರಿಗೆ ಒಂದು ಮಾತು. ಮೆಟ್ರೋದಲ್ಲಿ ಆಜಾದ್ ನಗರದಲ್ಲಿ ಇಳಿದರೆ ಮೈದಾನ ಹತ್ತಿರ. ಜೂನ್ ಆದರೆ ರೇನ್‌ಕೋಟ್ ಇರಲಿ.

ವಾಪಸ್ ಬರುವಾಗ ಪ್ಲಾಟ್‌ಫಾರ್ಮ್‌ನಲ್ಲಿ ಜನ ಕಡಿಮೆ ಇದ್ದರು. ಹುಡುಗಿ ತನ್ನ ರೇನ್‌ಕೋಟ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಹೆಜ್ಜೆ ಮುಂದೆ ಓಡಿದಳು. "ಮಾವ, ಹಿಂದೇನೇ ಇರು" ಅಂದವಳು ತಿರುಗಿ ನೋಡದೆಯೇ ಅದನ್ನು ನನ್ನ ಕಡೆ ಎಸೆದಳು.