ದುಡಿಯುವ ಮಹಿಳೆಯರಿಗೆ ಮೊಬೈಲ್ ಬ್ಯಾಂಕಿಂಗ್ ಕಲಿಸುವುದು ಹೇಗೆ?

ಮಲ್ಪೆಯಲ್ಲಿ ಮೀನು ಮಾರುವವರಿಗಾಗಲಿ, ಮಂಗಳೂರಿನ ಸುತ್ತಮುತ್ತ ಬೀಡಿ ಕಟ್ಟುವವರಿಗಾಗಲಿ ಮೊಬೈಲ್ ಬ್ಯಾಂಕಿಂಗ್ ಕಲಿಸಲು ಹೊರಟವರು ಮೊದಲು ಕೇಳಬೇಕಾದದ್ದು, ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾರದು ಎಂಬುದನ್ನು. ಅದು ಗಂಡನದೋ ಮಗನದೋ ಆಗಿದ್ದರೆ ಹಣ ಜಮೆಯಾದ ಸಂದೇಶವೂ ಒಟಿಪಿಯೂ ಅವರಿಗೇ ಹೋಗುತ್ತವೆ; ದುಡಿದವರು ತಮ್ಮ ಹಣದ ಲೆಕ್ಕವನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗುತ್ತದೆ. ಆದ್ದರಿಂದ ಆಧಾರ್ ಕಾರ್ಡ್ ಮತ್ತು ಪಾಸ್‌ಬುಕ್ ಹಿಡಿದು ಅವರ ಜೊತೆ ಬ್ಯಾಂಕಿನ ಶಾಖೆಗೆ ಹೋಗಿ, ಅವರದೇ ಸಂಖ್ಯೆಯನ್ನು ಖಾತೆಗೆ ಸೇರಿಸಿಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಸೇವೆಯಲ್ಲಿ ಸಾಧಾರಣ ಮೊಬೈಲಿನಿಂದಲೇ ಹಣ ಕಳುಹಿಸಬಹುದಾಗಿತ್ತು. ಅದರಿಂದ ಸುಮಾರು 1,94,000 ಕುಟುಂಬಗಳು ಬಡತನದಿಂದ ಹೊರಬಂದವೆಂದು ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2016ರಲ್ಲಿ ಅಂದಾಜಿಸಿದರು. ಮಹಿಳೆಯರೇ ನಡೆಸುವ ಮನೆಗಳಲ್ಲಿ ಈ ಪರಿಣಾಮ ಹೆಚ್ಚು ಕಂಡಿತು. ಹಣದ ಹಿಡಿತ ಮಹಿಳೆಗೆ ಸಿಗದಿದ್ದರೆ, ಖಾತೆ ಇದ್ದೂ ಮನೆಯೊಳಗಿನ ಅಸಮಾನತೆ ಹಾಗೆಯೇ ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಸ್ಮಾರ್ಟ್‌ಫೋನ್ ಇಲ್ಲದವರು *99# ಒತ್ತಿ, ಇಂಟರ್ನೆಟ್ ಇಲ್ಲದೆಯೇ ಖಾತೆಯಲ್ಲಿ ಉಳಿದಿರುವ ಹಣ ನೋಡಬಹುದು, ಹಣ ಕಳುಹಿಸಬಹುದು. ಯುಪಿಐ ಪಿನ್ ರಚಿಸಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳೂ ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವೂ ಬೇಕು. ಪಿನ್ ಒತ್ತುವಾಗ ಕಲಿಸುವವರು ಮುಖ ತಿರುಗಿಸಬೇಕು. ಎಷ್ಟು ನಿಧಾನವಾದರೂ ಅವರ ಬೆರಳೇ ಒತ್ತಲಿ. ಮೊದಲು ಒಂದು ರೂಪಾಯಿ ಕಳುಹಿಸಿ ಅಭ್ಯಾಸ ಮಾಡಿಸಿ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದನ್ನು ಮನಸ್ಸಿನಲ್ಲಿ ಉಳಿಯುವಷ್ಟು ಸಲ ಹೇಳಿ, ಏಕೆಂದರೆ ಅನೇಕ ಮೋಸಗಳು ನಡೆಯುವುದು ಅಲ್ಲಿಯೇ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಏಜೆಂಟರು ಹೋಗುತ್ತಿದ್ದರು. ನಂಬಿಕೆ ಬೆಳೆದದ್ದು ಆ ದಿನನಿತ್ಯದ ಭೇಟಿಯಿಂದ. ಮೊಬೈಲಿನಲ್ಲಿ ಅಂಥ ಮನುಷ್ಯರಿಲ್ಲದ ಕಾರಣ, ಒಮ್ಮೆ ಕಲಿಸಿ ಬಿಟ್ಟುಬಿಡದೆ, ಸ್ವಸಹಾಯ ಸಂಘದ ಸಭೆಗಳಲ್ಲಿ ಪಾಸ್‌ಬುಕ್ಕನ್ನೂ ಮೊಬೈಲ್ ಸಂದೇಶಗಳನ್ನೂ ತಾಳೆ ನೋಡುವ ರೂಢಿ ಹಾಕಿ.

ಹಣ ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬ್ಯಾಂಕಿಗೂ ದೂರು ಕೊಡಿಸಿ, ದೂರಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಲ್ಲೇ ಬರೆದಿಡಲು ಹೇಳಿ.