ಹಂಪ್ ಕೇಳುವ ಮೊದಲು ಗೇಟಿನಲ್ಲಿ ಮೊಣಕಾಲೂರಿ

ಮುಧೋಳ ತಾಲೂಕಿನ ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎದುರಿಗೇ ನನ್ನ ಸೈಕಲ್ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಪಂಕ್ಚರ್ ತೆಗೆಯುತ್ತ ಆ ಗೇಟನ್ನೇ ನೋಡುತ್ತ ಕುಳಿತಿದ್ದೇನೆ. ಮಗಳು ನಾಲ್ಕನೆಯ ತರಗತಿಗೆ ಬಂದ ವರ್ಷ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಅಧ್ಯಕ್ಷನೂ ಆದೆ. ಈಚೆಗೆ ಪಕ್ಕದೂರಿನ ಪಾಲಕರು ಬಂದು, ಶಾಲೆಯ ಮುಂದೆ ಗಾಡಿಗಳನ್ನು ಹೇಗೆ ಹದ್ದುಬಸ್ತಿನಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಎರಡನೆಯ ಪ್ರಶ್ನೆ ಬಂತು: "ಹಂಪ್ ಎಷ್ಟು ಎತ್ತರ ಹಾಕಿಸಿದಿರಿ?" ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಿ ಕೈಸುಟ್ಟುಕೊಂಡವನು.

ಅದನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯ ತರಗತಿಯ ಹುಡುಗನೊಬ್ಬನಿಗೆ ಬೈಕು ಬಡಿದು ಕಾಲು ಮುರಿಯಿತು. ಸಿಟ್ಟಿನಲ್ಲಿ ನಾವು ಐದಾರು ಜನ ಅದೇ ರಾತ್ರಿ ಗರಸು, ಸಿಮೆಂಟು ಕಲಸಿ ರಸ್ತೆಗೆ ಅಡ್ಡಲಾಗಿ ಒಂದು ಅಡಿ ಎತ್ತರದ ದಿಬ್ಬ ಕಟ್ಟಿದೆವು. ಯಾರನ್ನೂ ಕೇಳಲಿಲ್ಲ, ಬಣ್ಣ ಬಳಿಯಲಿಲ್ಲ. ಮೂರನೆಯ ರಾತ್ರಿ ಹೊಲದಿಂದ ಮೊಪೆಡ್ ಮೇಲೆ ಬರುತ್ತಿದ್ದ ನಮ್ಮೂರಿನ ಹಿರಿಯರೊಬ್ಬರು ಅದರ ಮೇಲಿಂದ ಹಾರಿಬಿದ್ದರು. ಹೆಗಲ ಎಲುಬು ಮುರಿಯಿತು. ಅವರನ್ನು ಆಸ್ಪತ್ರೆಗೆ ಒಯ್ದವನೂ ನಾನೇ, ಮರುದಿನ ಹಾರೆ ಹಿಡಿದು ದಿಬ್ಬ ಒಡೆದವನೂ ನಾನೇ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆದ್ದರಿಂದ ನಿಮ್ಮ ಮೊದಲ ಕೆಲಸ ನೋಡುವುದು. ಹತ್ತು ದಿನ ಒಂದು ನೋಟ್‌ಬುಕ್ ಹಿಡಿದು ಗೇಟಿನ ಬಳಿ ನಿಲ್ಲಿ. ಬೆಳಿಗ್ಗೆ ಶಾಲೆ ತುಂಬುವ ಅರ್ಧ ಗಂಟೆ, ಸಂಜೆ ಬಿಡುವ ಅರ್ಧ ಗಂಟೆ, ಬಿಸಿಯೂಟದ ನಂತರದ ಹತ್ತು ನಿಮಿಷ. ಶನಿವಾರವನ್ನು ಬಿಡಬೇಡಿ, ಅಂದು ಶಾಲೆ ಬೆಳಿಗ್ಗೆ ಬೇಗ, ಹಾಲಿನ ಗಾಡಿಗಳ ಓಡಾಟವೂ ಅದೇ ಹೊತ್ತಿಗೆ. ಯಾವ ಗಾಡಿ, ಎಲ್ಲಿ ನಿಂತಿತು, ಮಗು ಎಲ್ಲಿಂದ ಎಲ್ಲಿಗೆ ಓಡಿತು, ಯಾಕೆ ಓಡಿತು ಎಂದು ಬರೆಯಿರಿ. "ಯಾಕೆ" ಎಂಬ ಕಾಲಂ ಬಹಳ ಮುಖ್ಯ. ನಮ್ಮ ನೋಟ್‌ಬುಕ್ಕಿನಲ್ಲಿ ಆ ಕಾಲಂ ತುಂಬ ಒಂದೇ ಉತ್ತರ ಇತ್ತು: ಬಾರೆಹಣ್ಣು. ರಸ್ತೆಯ ಆಚೆ ಬದಿಗೆ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿಯ ಬಳಿಗೆ ಮಕ್ಕಳು ಬಿಸಿಯೂಟ ಮುಗಿದ ಕೂಡಲೇ ಬಾಣದಂತೆ ಓಡುತ್ತಿದ್ದರು. ನಾನು ಹೋಗಿ, "ಅವ್ವಾ, ನಿನ್ನ ಬುಟ್ಟಿಯನ್ನು ಶಾಲೆಯ ಗೋಡೆಯ ಬದಿಗೆ ಇಡು, ನೆರಳಿಗೆ ನಾನು ತಾಡಪತ್ರಿ ಕಟ್ಟಿಕೊಡುತ್ತೇನೆ" ಎಂದೆ. "ತಮ್ಮಾ, ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನನಗೂ ಈ ಬದಿ ಬಿಸಿಲೇ" ಎಂದಳು. ತಾಡಪತ್ರಿಯ ಖರ್ಚಿನಲ್ಲಿ ಮಧ್ಯಾಹ್ನದ ಅಪಾಯದ ಅರ್ಧ ಹೋಯಿತು.

ಎರಡನೆಯದು, ಗೇಟಿನಲ್ಲಿ ಮೊಣಕಾಲೂರಿ ನೋಡುವುದು. ನಗಬೇಡಿ. ಒಂದನೆಯ ತರಗತಿಯ ಮಗುವಿನ ಕಣ್ಣು ನಿಮ್ಮ ಸೊಂಟದಿಂದ ಸ್ವಲ್ಪ ಮೇಲೆ ಇರುತ್ತದೆ, ಅಷ್ಟೇ. ನಾನು ಮೊಣಕಾಲೂರಿದಾಗ ಕಂಡದ್ದು ನಿಂತ ಟಾಟಾ ಏಸಿನ ಚಕ್ರ, ಅದರಾಚೆ ಬಳ್ಳಾರಿ ಜಾಲಿಯ ಪೊದೆ. ರಸ್ತೆಯೇ ಕಾಣಲಿಲ್ಲ. ಮಗುವಿಗೆ ಗಾಡಿ ಕಾಣದಿದ್ದರೆ ಗಾಡಿಯವನಿಗೂ ಮಗು ಕಾಣುವುದಿಲ್ಲ. ಗೇಟಿನ ಎರಡೂ ಬದಿ ಐವತ್ತು ಹೆಜ್ಜೆ ಜಾಲಿ ಕಡಿಸಿ, ಬುಡಸಮೇತ ಕೀಳಿಸಿ. ಇಲ್ಲದಿದ್ದರೆ ಮಳೆ ಬಿದ್ದ ಮೇಲೆ ಮತ್ತೆ ಎದೆಯೆತ್ತರ ಬರುತ್ತದೆ.

ವೇಗವನ್ನು ಅಂದಾಜಿನಿಂದ ಹೇಳಬೇಡಿ. "ಬಹಳ ಜೋರು ಬರುತ್ತಾರೆ" ಎಂದರೆ ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ. ಟೇಪಿನಿಂದ ರಸ್ತೆ ಬದಿಗೆ 50 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಎಳೆಯಿರಿ. ಗಾಡಿ ಮೊದಲ ಗೆರೆ ಮುಟ್ಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 180ನ್ನು ಬಂದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬಂತು. 6 ಸೆಕೆಂಡಾದರೆ 30, 4 ಸೆಕೆಂಡಾದರೆ 45. ನಮ್ಮ ಗಣಿತದ ಅಕ್ಕೋರು ಇದನ್ನು ಏಳನೆಯ ತರಗತಿಯ ಮಕ್ಕಳಿಂದ ಕಂಪೌಂಡಿನ ಒಳಗೆ ನಿಲ್ಲಿಸಿಯೇ ಮಾಡಿಸಿದರು. ಭಾಗಾಕಾರ ಬಾರದ ಹುಡುಗರೂ ಆ ವಾರ ಕಲಿತರು. 45ರಲ್ಲಿ ಹೋಗುವ ಬೈಕು ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಓಡುತ್ತದೆ. ಸವಾರ ಮಗುವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಹೆಚ್ಚುಕಡಿಮೆ ಆ ಒಂದು ಸೆಕೆಂಡು ಮುಗಿದೇ ಹೋಗಿರುತ್ತದೆ. ಗಾಡಿ ನಿಲ್ಲುವುದು ಅದರಾಚೆ. ನಮ್ಮ ಗೇಟಿನಿಂದ ಜಾಲಿಯ ಮರೆಗೆ ಇದ್ದದ್ದು ಹದಿನೈದು ಮೀಟರ್.

ಇನ್ನು ಕಹಿ ಮಾತು. ಆ ನೋಟ್‌ಬುಕ್ಕಿನ ಪ್ರಕಾರ ಸಂಜೆ ಗೇಟಿಗೆ ಅಡ್ಡಲಾಗಿ ನಿಂತ ಬೈಕುಗಳಲ್ಲಿ ಮುಕ್ಕಾಲು ಪಾಲು ಮಕ್ಕಳನ್ನು ಕರೆದೊಯ್ಯಲು ಬಂದ ತಂದೆಯರವೇ. ಹೊರಗಿನವರನ್ನು ಬಯ್ಯುವುದು ಸುಲಭ, ಬೀಗನ ಬೈಕು ಸರಿಸುವುದು ಕಷ್ಟ. ನಾವು ಪಾಲಕರ ಸಭೆ ಕರೆದು ಒಂದೇ ನಿಯಮ ಇಟ್ಟೆವು: ಬೈಕು, ಟಂಟಂ ಯಾವುದೇ ಇರಲಿ, ಹನುಮಂತ ದೇವರ ಗುಡಿಯ ಬಯಲಿನಲ್ಲಿ ನಿಲ್ಲಿಸಬೇಕು; ಅಲ್ಲಿಂದ ಗೇಟಿಗೆ ನೂರು ಹೆಜ್ಜೆ ನಡೆದು ಬರಬೇಕು. ಮೊದಲ ವಾರ ಜಗಳವಾಯಿತು. ಆಗ ಏಳನೆಯ ತರಗತಿಯ ಹುಡುಗಿಯರು ಗೇಟಿನಲ್ಲಿ ನಿಂತು, ನಿಯಮ ಮುರಿದವರಿಗೆ "ಕಾಕಾ, ಗುಡಿಯ ಕಡೆಗೆ" ಎಂದು ಕೈ ಮುಗಿಯತೊಡಗಿದರು. ಪೊಲೀಸರ ದಂಡಕ್ಕೆ ಬಗ್ಗದವರು ಇದಕ್ಕೆ ಬಗ್ಗಿದರು. ಕೆಲವು ದೇಶಗಳಲ್ಲಿ ಶಾಲೆ ತುಂಬುವ, ಬಿಡುವ ಹೊತ್ತಿನಲ್ಲಿ ಆ ಬೀದಿಯನ್ನೇ ಗಾಡಿಗಳಿಗೆ ಮುಚ್ಚುತ್ತಾರೆ. ಇಟಲಿಯ ಬೊಲ್ಜಾನೊ ಪಟ್ಟಣ 1989ರಲ್ಲೇ ಇದನ್ನು ಮಾಡಿತ್ತು. ನಿಮ್ಮ ಶಾಲೆ ಒಳ ಓಣಿಯಲ್ಲಿದ್ದರೆ ಪಂಚಾಯಿತಿಯ ಒಪ್ಪಿಗೆ ಪಡೆದು ನೀವೂ ಮಾಡಬಹುದು, ಎರಡು ಡ್ರಮ್ಮು ಒಂದು ಬಿದಿರು ಸಾಕು. ನಮ್ಮದು ಹಾದುಹೋಗುವ ರಸ್ತೆ, ಮುಚ್ಚುವಂತಿಲ್ಲ.

ಮಕ್ಕಳಿಗೇ ಬೈಕು ಕೊಡುವ ತಂದೆಯರೂ ಇದ್ದಾರೆ. ಅವರಿಗೆ ಉಪದೇಶ ನಾಟುವುದಿಲ್ಲ, ಲೆಕ್ಕ ನಾಟುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಗಾಳಿ ತುಂಬಿಸಲು ಬಂದವರು ಓದಲೇಬೇಕು.

ಗೇಟಿನ ಹೊರಗೆ ಕಂಬಿ ಹಾಕಿಸಿ. ಗಂಟೆ ಬಾರಿಸಿದ ಕೂಡಲೇ ಮಕ್ಕಳು ನೇರ ರಸ್ತೆಗೆ ನುಗ್ಗದಂತೆ, ಪಕ್ಕಕ್ಕೆ ತಿರುಗಿ ಹೊರಬರುವ ಹಾಗೆ ಗೇಟಿನ ಎದುರು ಒಂದು ಅಡ್ಡ ಕಂಬಿ. ಊರಿನ ವೆಲ್ಡಿಂಗಿನವನು ಹಳೆಯ ಪೈಪಿನಿಂದ ಅರ್ಧ ದಿನದಲ್ಲಿ ಮಾಡಿದ. ಒಂದರಿಂದ ಮೂರನೆಯ ತರಗತಿಯವರನ್ನು ಹತ್ತು ನಿಮಿಷ ಮೊದಲು ಬಿಡಿ. ಉಳಿದವರನ್ನು ಓಣಿವಾರು ಸಾಲು ಮಾಡಿ ಕಳುಹಿಸಿ, ಅಗಸಿ ಓಣಿಯವರು ಒಂದು ಸಾಲು, ಕೆರೆ ಓಣಿಯವರು ಇನ್ನೊಂದು.

ಈಗ ಕಬ್ಬಿಗೆ ಬರುತ್ತೇನೆ. ನಮ್ಮ ಕಡೆಯ ಶಾಲೆಗಳಿಗೆ ಇದೇ ದೊಡ್ಡ ಅಧ್ಯಾಯ, ಮುಧೋಳ, ಜಮಖಂಡಿಯಿಂದ ಹಿಡಿದು ಅಥಣಿ, ರಾಯಬಾಗದವರೆಗೂ. ದೀಪಾವಳಿಯ ಆಸುಪಾಸಿಗೆ ಕಾರ್ಖಾನೆಗಳು ಶುರುವಾದರೆ ಮುಂದಿನ ನಾಲ್ಕೈದು ತಿಂಗಳು ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಗಲೂ ರಾತ್ರಿ. ತುಂಬಿದ ಟ್ರ್ಯಾಕ್ಟರನ್ನು ನೋಡಿ ಎಲ್ಲರೂ ಹೆದರುತ್ತಾರೆ. ಅದು ನಿಧಾನ, ಆದರೆ ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಖಾಲಿಯಾಗಿ ಮರಳುವುದು ಇನ್ನೂ ಕೆಟ್ಟದ್ದು. ಹಗುರಾದ ಟ್ರೇಲರ್ ಕುಣಿಯುತ್ತದೆ, ಅತ್ತಿತ್ತ ಬಾಲ ಬೀಸುತ್ತದೆ, ಚಾಲಕನಿಗೆ ಮುಂದಿನ ಖೇಪಿನ ಅವಸರ. ತಿರುವಿನಲ್ಲಿ ಟ್ರ್ಯಾಕ್ಟರ್ ಹೋದ ಜಾಡಿನಲ್ಲಿ ಹಿಂದಿನ ಟ್ರೇಲರ್ ಹೋಗುವುದಿಲ್ಲ, ಒಳಬದಿಗೆ ಕತ್ತರಿಸುತ್ತದೆ. "ಇಂಜಿನ್ ದಾಟಿತು" ಎಂದು ತಿರುವಿನ ಒಳಮಗ್ಗುಲಲ್ಲಿ ಹೆಜ್ಜೆ ಇಟ್ಟ ಮಗುವಿಗೆ ಇದು ಗೊತ್ತಿರುವುದಿಲ್ಲ. ನಾನು ಶಾಲೆಯ ಅಂಗಳದಲ್ಲಿ ಒಂದು ಸೈಕಲ್ಲಿಗೆ ಎರಡು ಆಟಿಕೆ ಗಾಡಿಗಳನ್ನು ಹಗ್ಗದಿಂದ ಕಟ್ಟಿ, ಸುಣ್ಣದ ತಿರುವಿನಲ್ಲಿ ಎಳೆದು ತೋರಿಸಿದೆ. ಹಿಂದಿನದು ಗೆರೆ ದಾಟಿ ಒಳಗೆ ಬಂದಾಗ ಮಕ್ಕಳು ಕೂಗಿದರು. ಹತ್ತು ಭಾಷಣಕ್ಕೆ ಸಮ ಅದು.

ಎಲ್ಲಕ್ಕಿಂತ ಭಯ ಕಬ್ಬು ಜಗ್ಗುವುದರದು. ತುಂಬಿದ ಟ್ರೇಲರಿನ ಹಿಂದೆ ಓಡಿ ಗಳ ಹಿರಿಯುವುದು ನಾನೂ ಮಾಡಿದ್ದೇ. ನಮ್ಮ ಕಾಲದಲ್ಲಿ ಎತ್ತಿನ ಗಾಡಿ ಇತ್ತು, ಈಗ ಹಿಂದೆ ಇನ್ನೊಂದು ಟ್ರೇಲರ್ ಇರುತ್ತದೆ. ಮೊದಲನೆಯದರಿಂದ ಗಳ ಜಗ್ಗಿದ ಹುಡುಗ ಜಾರಿದರೆ ಎರಡನೆಯದರ ಚಕ್ರಕ್ಕೆ. "ಜಗ್ಗಬೇಡಿ" ಎಂದು ಹೇಳಿ ಪ್ರಯೋಜನವಿಲ್ಲ, ಕಬ್ಬು ಸಿಹಿಯಾಗಿರುತ್ತದೆ. ನಾವು ನಾಲ್ಕು ರೈತರನ್ನು ಕೇಳಿಕೊಂಡೆವು. ಹಂಗಾಮಿನಲ್ಲಿ ಪ್ರತಿ ಶನಿವಾರ ಯಾರಾದರೊಬ್ಬರು ಒಂದು ಹೊರೆ ಕಬ್ಬನ್ನು ಶಾಲೆಯ ಅಂಗಳಕ್ಕೆ ಹಾಕಿಸುತ್ತಾರೆ. ಮಕ್ಕಳು ಅಲ್ಲೇ ತಿಂದು ಮುಗಿಸಿ ಮನೆಗೆ ಹೋಗುತ್ತಾರೆ.

ಚಾಲಕರ ಜೊತೆ ಮಾತಾಡಬೇಕಾದ ಜಾಗ ರಸ್ತೆ ಅಲ್ಲ, ಕಾರ್ಖಾನೆಯ ಯಾರ್ಡು. ಅಲ್ಲಿ ಸರದಿಗಾಗಿ ತಾಸುಗಟ್ಟಲೆ ಕಾಯುತ್ತಾರೆ, ಮಾತಾಡಲು ಯಾರಾದರೂ ಬೇಕಾಗಿರುತ್ತದೆ. ಚಹಾ ಕುಡಿಸಿ, ಅಣ್ಣಾ ಎನ್ನಿ. ಎರಡು ಸಂಗತಿ ಕೇಳಿ: ಶಾಲೆಯ ಬಳಿ ಹಾಡಿನ ಡಬ್ಬಿ ಬಂದ್, ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್. ಹಾಡು ಅಷ್ಟು ಜೋರಾಗಿದ್ದರೆ ಮಗುವಿನ ಕೂಗೂ ಕೇಳುವುದಿಲ್ಲ, ಹಿಂದಿನ ಬಸ್ಸಿನ ಹಾರನ್ನೂ ಕೇಳುವುದಿಲ್ಲ. ಒಪ್ಪದಿದ್ದರೆ, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸಾರಲು ಅವಕಾಶವಿದೆ ಎಂಬುದನ್ನು ಬೀಟ್ ಪೊಲೀಸರಿಗೆ ನೆನಪಿಸಿ. ನನಗೆ ಚಹಾ ಸಾಕಾಯಿತು.

ಇಷ್ಟಾದ ಮೇಲೂ ಹಂಪ್ ಬೇಕೆನಿಸಿದರೆ ಅರ್ಜಿ ಬರೆಯಿರಿ. ಆದರೆ ಮೊದಲು ಹತ್ತಿರದ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಪ್ಪಾದರೆ ಜಿಲ್ಲಾ ರಸ್ತೆ, ಕೇಸರಿಯಾದರೆ ಗ್ರಾಮೀಣ ರಸ್ತೆ. ಹಸಿರು, ಕಪ್ಪಿಗೆ ಲೋಕೋಪಯೋಗಿ ಇಲಾಖೆ. ಕೇಸರಿಗೆ ಗ್ರಾಮ ಪಂಚಾಯಿತಿಯಿಂದ ಶುರು ಮಾಡಿ. ನಮ್ಮ ಕಲ್ಲು ಜಾಲಿಯಲ್ಲಿ ಮುಚ್ಚಿತ್ತು, ನಾವು ನೋಡದೆ ಏಳು ತಿಂಗಳು ಸಂಬಂಧವಿಲ್ಲದ ಕಚೇರಿಗೆ ಓಡಾಡಿದೆವು. ಅರ್ಜಿಯ ಜೊತೆ ಎಸ್‌ಡಿಎಂಸಿ ಠರಾವು, ವೇಗದ ಪಟ್ಟಿ, ಮಗುವಿನ ಎತ್ತರದಿಂದ ತೆಗೆದ ಫೋಟೊ ಇರಲಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ನವೆಂಬರಿನಲ್ಲಿ ಮಕ್ಕಳ ಗ್ರಾಮ ಸಭೆ ನಡೆದರೆ ಮಕ್ಕಳೇ ಎದ್ದು ಕೇಳಲಿ. ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಅಲ್ಲೂ ಕದಲದಿದ್ದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ.

ಅಳತೆಯನ್ನೂ ನೀವೇ ತಿಳಿದಿರಬೇಕು. ಗುತ್ತಿಗೆದಾರನ ಆಳುಗಳು ಮನಸ್ಸಿಗೆ ಬಂದಂತೆ ಸುರಿದು ಹೋಗುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಗಾಡಿಗಳು ಸುಮಾರು 25 ಕಿ.ಮೀ. ವೇಗದಲ್ಲಿ ದಾಟಲು ಹೇಳಿರುವ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಅಂದರೆ ಅಂಗೈ ಅಗಲದಷ್ಟೇ ಎತ್ತರ, ಎರಡು ಮಂಚದ ಉದ್ದ. ಕಪ್ಪು ಬಿಳಿ ಪಟ್ಟೆ, 40 ಮೀಟರ್ ಮೊದಲೇ ಸೂಚನಾ ಫಲಕ. ರಾಷ್ಟ್ರೀಯ ಹೆದ್ದಾರಿಯಾದರೆ ಹಂಪಿನ ಆಸೆ ಬಿಡಿ, ರಂಬಲ್ ಸ್ಟ್ರಿಪ್ (ಗಾಡಿ ಗಡಗಡ ಅಲುಗುವಂತೆ ಮಾಡುವ ತೆಳು ಪಟ್ಟಿಗಳ ಸಾಲು) ಮತ್ತು ಫಲಕ ಕೇಳಿ.

ಏನೇ ಮಾಡಿದರೂ ಒಂದು ದಿನ ಪೆಟ್ಟಾಗಬಹುದು. 108 ಬರುವವರೆಗೆ ಮಗುವನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯಬೇಡಿ, ಕುತ್ತಿಗೆ ಅಲುಗಿಸಬೇಡಿ, ರಕ್ತ ಸುರಿಯುವಲ್ಲಿ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ. ನೆರವಾದವರಿಗೆ ಕೋರ್ಟು ಕಚೇರಿಯ ತೊಂದರೆ ಬಾರದಂತೆ ಅದೇ ಕಾಯ್ದೆಯ 134ಎ ಕಲಂ ಕಾಯುತ್ತದೆ. ಹೆದರಿ ಹಿಂದೆ ನಿಲ್ಲಬೇಡಿ.

ಇದೆಲ್ಲ ವರ್ಷಕ್ಕೆ ಎರಡು ಸಲ ಮತ್ತೆ ಮಾಡುವ ಕೆಲಸ: ಜೂನ್ ಮೊದಲ ವಾರ, ಒಂದನೆಯ ತರಗತಿಗೆ ಹೊಸ ಮಕ್ಕಳು ಬಂದಾಗ, ಮತ್ತೆ ದೀಪಾವಳಿಗೆ ಮೊದಲು, ಕಾರ್ಖಾನೆಯ ಹೊಗೆ ಕಾಣುವ ಮುಂಚೆ. ಗೆರೆಗೆ ಹೊಸ ಸುಣ್ಣ, ಜಾಲಿಗೆ ಕೊಡಲಿ, ಅಜ್ಜಿಯ ತಾಡಪತ್ರಿಗೆ ಹೊಸ ಹಗ್ಗ. ಕೊಡಲಿ ನನ್ನ ಅಂಗಡಿಯಲ್ಲಿಯೇ ಇದೆ. ಬೇಕಾದ ಊರಿನವರು ಒಯ್ಯಬಹುದು, ಮರಳಿ ತಂದುಕೊಟ್ಟರೆ ಸಾಕು.