ವಿಮಾನದ ದೂರ, ಹೊತ್ತು: ನಾನು ಲೆಕ್ಕ ಹಾಕುವ ರೀತಿ

ನಮ್ಮ ಮನೆಯಲ್ಲಿ ಯಾರು ವಿಮಾನ ಹತ್ತಿದರೂ ಎಷ್ಟು ದೂರ, ಎಷ್ಟು ಹೊತ್ತು ಅಂತ ಹೇಳುವ ಕೆಲಸ ನನ್ನದು. ಫೋನಿನಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಕಾಗದ, ಪೆನ್ನು ಹಿಡಿದು ಕೂತರೆ ಸಿಗುವ ಮಜಾನೇ ಬೇರೆ.

ಶುರು ಮಾಡುವವರಿಗೆ ಬೆಂಗಳೂರು–ದೆಹಲಿ ಒಳ್ಳೆಯದು. ದೇವನಹಳ್ಳಿಯ ರೇಖಾಂಶ 77.7, ದೆಹಲಿ ನಿಲ್ದಾಣದ್ದು 77.1. ಅಂದರೆ ದೆಹಲಿ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅಕ್ಷಾಂಶ ಮಾತ್ರ ನೋಡಿದರೆ ಸಾಕು. 28.56ರಲ್ಲಿ 13.20 ಕಳೆದರೆ 15.36. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿದರೆ 1,705 ಬರುತ್ತದೆ. ಅಷ್ಟೇ!

ಮಂಗಳೂರು ಇರುವುದು ಪಶ್ಚಿಮಕ್ಕೆ. ರೇಖಾಂಶದ ವ್ಯತ್ಯಾಸ 2.82 ಡಿಗ್ರಿ. ಭೂಮಧ್ಯರೇಖೆಯಿಂದ ದೂರ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವಲ್ವಾ, ಅದಕ್ಕೆ 13 ಡಿಗ್ರಿಯ ಕೊಸೈನ್, ಅಂದರೆ 0.974ರಿಂದಲೂ ಗುಣಿಸಬೇಕು. ಉತ್ತರ ಸುಮಾರು 305 ಕಿ.ಮೀ.

ಹೊತ್ತಿನ ಲೆಕ್ಕ ಸ್ವಲ್ಪ ತರಲೆ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಹಾರುತ್ತದೆ. ಹಾಗಾದರೆ ಮಂಗಳೂರಿಗೆ 23 ನಿಮಿಷ ಸಾಕಲ್ಲ? ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಗೂ ಮೇಲೆ ಇರುತ್ತದೆ. ಟಿಕೆಟ್ಟಿನ ಗಡಿಯಾರ ಓಡಲು ಶುರುವಾಗುವುದು ವಿಮಾನ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದಾಗ, ನಿಲ್ಲುವುದು ಅಲ್ಲಿ ಹೋಗಿ ತನ್ನ ಜಾಗದಲ್ಲಿ ನಿಂತಾಗ. ರನ್‌ವೇವರೆಗಿನ ಓಡಾಟ, ಸರದಿ, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲ ಅದರಲ್ಲೇ ಸೇರಿದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮ ಮುಖವಾಗಿವೆ. ಚಳಿಗಾಲದ ಮೂಡಣ ಗಾಳಿಯಲ್ಲಿ ವಿಮಾನ ಪೂರ್ವಕ್ಕೆ ಮುಖ ಮಾಡಿ ಏರುತ್ತದೆ, ಆಮೇಲೆ ಮಂಗಳೂರಿನ ಕಡೆ ತಿರುಗಿಕೊಳ್ಳುತ್ತದೆ.

ಅದಕ್ಕೆ ನನ್ನ ಸೂತ್ರ: ದೂರವನ್ನು 800ರಿಂದ ಭಾಗಿಸು, 40 ನಿಮಿಷ ಕೂಡಿಸು. ಮಂಗಳೂರಿಗೆ 1 ಗಂಟೆ 3 ನಿಮಿಷ. ದೆಹಲಿಗೆ 2 ಗಂಟೆ 48 ನಿಮಿಷ. ಟಿಕೆಟ್ಟಿಗೆ ಹೋಲಿಸಿ ನೋಡಿ, ಹತ್ತು ನಿಮಿಷದ ಆಚೆ ಈಚೆ ಇರುತ್ತದೆ.

ಲಂಡನ್ನಿಗೆ ಡಿಗ್ರಿ ಗುಣಾಕಾರ ನಡೆಯುವುದಿಲ್ಲ. ಭೂಮಿ ಗುಂಡಗಿದೆ, ಹತ್ತಿರದ ದಾರಿ ಚಪ್ಪಟೆ ನಕ್ಷೆಯಲ್ಲಿ ಬಾಗಿ ಕಾಣುತ್ತದೆ. ನಾನು ಮಗಳ ಗ್ಲೋಬ್ ತೆಗೆದುಕೊಂಡು ದಾರ ಎಳೆಯುತ್ತೇನೆ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರ 19 ಸೆಂ.ಮೀ. ಬರುತ್ತದೆ, ಅಂದರೆ 8,000 ಕಿ.ಮೀ. ದಾಟಿತು. ಗೋಳದ ಸೂತ್ರ ಹಾಕಿದರೆ 8,050ರ ಹತ್ತಿರ. ಹೊತ್ತು 10 ಗಂಟೆ 44 ನಿಮಿಷ.

ವಾಪಸ್ ಬರುವಾಗ ಇದಕ್ಕಿಂತ ಬೇಗ ಮುಟ್ಟುತ್ತೀರಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹಿಂದಿನಿಂದ ತಳ್ಳುತ್ತದೆ. ನಾನು ಬರುವಾಗಿನ ಲೆಕ್ಕದಲ್ಲಿ ಮುಕ್ಕಾಲು ಗಂಟೆ ಕಡಿಮೆ ಹಿಡಿಯುತ್ತೇನೆ. ಇನ್ನೊಂದು ವಿಷಯ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಅಂಥ ಸುತ್ತುದಾರಿಯನ್ನು ಯಾವ ದಾರವೂ ತೋರಿಸುವುದಿಲ್ಲ, ಟಿಕೆಟ್ಟನ್ನೇ ನೋಡಬೇಕು.

ಕರೆದುಕೊಂಡು ಹೋಗಲು ಬರುವವರಿಗೆ ಹೇಳಬೇಕಾದದ್ದು ಅಲ್ಲಿನ ಹೊತ್ತು. ಜನವರಿಯಲ್ಲಿ ಮಧ್ಯಾಹ್ನ 1ಕ್ಕೆ ಹೊರಟರೆ ನಮ್ಮ ಗಡಿಯಾರದಲ್ಲಿ ರಾತ್ರಿ 11:44. ಐದೂವರೆ ಗಂಟೆ ಕಳೆದರೆ ಲಂಡನ್ನಿನಲ್ಲಿ ಸಂಜೆ 6:14. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಮುಂದಿಡುತ್ತಾರೆ, ಆಗ ನಾಲ್ಕೂವರೆ ಗಂಟೆ ಮಾತ್ರ ಕಳೆಯಿರಿ. ಇಮಿಗ್ರೇಷನ್ ಸಾಲಿಗೆ, ಪೆಟ್ಟಿಗೆಗೆ ಅಂತ ಇನ್ನೊಂದು ಗಂಟೆ ಸೇರಿಸಿ ಹೇಳಿ.